ಸೊನ್ನೆಯ ಮನೆಯಲ್ಲಿ ಕಡ

ನಿಟುವಳ್ಳಿಯ ತಿರುವಿನಲ್ಲಿ ನಮ್ಮ ಗಾಡಿ.
ಖಾರ ಮಂಡಕ್ಕಿ, ಮೆಣಸಿನಕಾಯಿ,
ಸಂಜೆ ಐದರಿಂದ ಎಣ್ಣೆ ತಣಿಯುವವರೆಗೆ.
ಕಾದ ಬಾಣಲೆಗೆ ಮೂರು ಮಾರು ದೂರದಲ್ಲಿ
ಮಂಡಕ್ಕಿ ಚೀಲಕ್ಕೆ ಒರಗಿ
ಲಿಖಿತ ಕೂತಿರುತ್ತಾಳೆ, ಮೂರನೇ ಕ್ಲಾಸು,
ತೊಡೆಯ ಮೇಲೆ ಪುಸ್ತಕ, ಬಾಯಲ್ಲಿ ಪೆನ್ಸಿಲ್ಲು.

ನಾನೂರ ಎರಡರಲ್ಲಿ ನೂರ ಅರವತ್ತೇಳು ಕಳೆ.

ಎರಡರಲ್ಲಿ ಏಳು ಹೋಗಲ್ಲ.
ಪಕ್ಕದ ಮನೆಯಲ್ಲಿ ಕಡ ಕೇಳು.
ಪಕ್ಕದ ಮನೆಯಲ್ಲಿ ಸೊನ್ನೆ.
"ಅಪ್ಪಾಜಿ, ಇಲ್ಲದೋರ ಮನೇಲಿ ಕಡ ಕೇಳೋದು ಹೆಂಗೆ?"

ಇದೇ ಲೆಕ್ಕದ ಹೊಸ್ತಿಲಲ್ಲಿ
ನಾನೂ ನಿಂತಿದ್ದೆ, ಆನಗೋಡಿನ ಶಾಲೆಯಲ್ಲಿ,
ಕರಿಹಲಗೆಗೆ ಮೂಗು ತಾಗಿಸಿಕೊಂಡು.
ಮೇಷ್ಟ್ರು ಹೇಳಿದ್ದು ಇಷ್ಟೇ: ಸೊನ್ನೆ ಒಂಬತ್ತಾಗುತ್ತೆ, ಬರಿ.
ಯಾಕೆ ಅಂದಿದ್ದಕ್ಕೆ
ಬೆತ್ತ ಬರೆಯಿತು ಉತ್ತರ, ಅಂಗೈ ಮೇಲೆ.
ಬರೆದೆ. ಇವತ್ತಿಗೂ ಬರೆಯಬಲ್ಲೆ.
ಯಾಕೆ ಅನ್ನೋದು ಮಾತ್ರ
ಇನ್ನೂ ಆ ಹಲಗೆಯ ಹತ್ತಿರವೇ ನಿಂತಿದೆ.

ಹೋದ ವಾರ ಶಾಲೆಗೆ ಕರೆಸಿದ್ದರು.
ಶರ್ಟಿನ ಎಣ್ಣೆ ಕಲೆ ಮುಚ್ಚುವಂತೆ ಕೈ ಕಟ್ಟಿ
ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿ ಕೂತು
"ಲೆಕ್ಕ ನಮ್ಮ ವಂಶಕ್ಕೇ ಹತ್ತಿಲ್ಲ ಮೇಡಂ" ಅಂದೆ.
ರುದ್ರಾಕ್ಷಿಬಾಯಿ ಮೇಡಂ ಹಾಜರಿ ಪುಸ್ತಕ ಮುಚ್ಚಿದರು.
"ರಾತ್ರಿ ಗಲ್ಲಾ ಯಾರು ಎಣಿಸ್ತಾರೆ?"
"ನಾನೇ."
"ಇನ್ಮೇಲೆ ಅವಳ ಎದುರಿಗೆ ಎಣಿಸಿ, ಬಾಯಿಬಿಟ್ಟು.
ಈಗ ಆಡಿದ್ರಲ್ಲ, ಆ ಮಾತು ಮಾತ್ರ ಅವಳೆದುರು ಬೇಡ."

ಎರಡು ಪ್ಲೇಟು, ಆರು ಮೆಣಸಿನಕಾಯಿ, ಒಂದು ಪಾರ್ಸೆಲ್ಲು,
ತೊಂಬತ್ತೆಂಟು; ಇನ್ನೂರು ಕೊಟ್ಟರೆ ನೂರ ಎರಡು ವಾಪಸ್ಸು.
ಇದನ್ನು ಲೆಕ್ಕ ಅಂತ ಯಾವತ್ತೂ ಅಂದುಕೊಂಡವನಲ್ಲ.
ಕೈ ಹಿಟ್ಟಿನಲ್ಲಿರುವಾಗ ಬಾಯಿ ಮಾಡುವ ಕೆಲಸ.

ಇವತ್ತು ಗಿರಾಕಿ ಸಡಿಲಾದ ಹೊತ್ತು
ಗಲ್ಲಾದ ಡಬ್ಬಿ ಅವಳ ಮುಂದೆ ಬೋರಲು ಹಾಕಿದೆ.
ನೂರರವು ನಾಲ್ಕು ಇಟ್ಟುಕೋ,
ಹತ್ತರವು ಒಂದೂ ಬೇಡ,
ಒಂದರ ನಾಣ್ಯ ಎರಡು.
"ನಾನೀಗ ಈರುಳ್ಳಿ ಮಂಡಿಯವನು.
ನೂರ ಅರವತ್ತೇಳು ಬಾಕಿ. ಕೊಡಮ್ಮ ಮತ್ತೆ."

ನಾಣ್ಯ ನೋಡಿದಳು, ನನ್ನ ಮುಖ ನೋಡಿದಳು.
ನೂರರ ನೋಟೊಂದು ಎತ್ತಿಕೊಂಡು
ಪಕ್ಕದ ಬೀಡಾ ಅಂಗಡಿಗೆ ಓಡಿದಳು.
ಬಂದಾಗ ಕೈತುಂಬ ಹತ್ತರ ನೋಟು,
ಅಂಚಿಗೆಲ್ಲ ಸುಣ್ಣದ ಬೆರಳಚ್ಚು.
ಎಣಿಸಿದಳು: ಹತ್ತು.
ಮತ್ತೆ ನಿಂತಳು. ಹತ್ತರ ನೋಟು ಕೊಡವಿದರೆ
ನಾಣ್ಯ ಉದುರುವುದಿಲ್ಲ.
ಅದರಲ್ಲೊಂದು ಹಿಡಿದು ಮತ್ತೆ ಓಟ.
"ಏನ್ ಮಾರಾಯ, ನನ್ನಂಗಡೀನ ಬ್ಯಾಂಕ್ ಮಾಡ್ಕಂಡಾಳೆ ನಿನ್ ಮಗಳು!"
ಬೀಡಾದ ಇಮಾಮಣ್ಣ ಕೂಗಿದ.

ನಾಣ್ಯ ಸುರಿದು
ಉಳಿದ ನೋಟುಗಳ ಮೇಲೆ ಬೆರಳಾಡಿಸುತ್ತ
ತುಟಿ ನಿಂತಿತು.
ಒಂಬತ್ತು.
"ಅಪ್ಪಾಜಿ! ಸೊನ್ನೆ ಇತ್ತಲ್ಲ,
ಅದು ಹತ್ತು ತಗಂಡು ಒಂದು ಕೊಟ್ಟೈತೆ!"

ಬಾಣಲೆಯಲ್ಲಿ ಎಂಟು ಮೆಣಸಿನಕಾಯಿ ಕಪ್ಪಾದವು.
ಆಗಲಿ.
ಮೂವತ್ತೊಂದು ವರ್ಷ ನಾನು ಬರೀ ಬರೆಯುತ್ತ ಬಂದ ಒಂಬತ್ತು
ಅವಳ ಕೈಯಲ್ಲಿ, ಸುಣ್ಣ ಮೆತ್ತಿಕೊಂಡು, ಕೂತಿತ್ತು.

"ಉಳಿದಿದ್ದೆಷ್ಟು, ಅದನ್ನೇಳು ಮೊದಲು,"
ಈರುಳ್ಳಿ ಹೆಚ್ಚುತ್ತಲೇ ಹಾಲಮ್ಮ.
ಇನ್ನೂರ ಮೂವತ್ತೈದು.
ಎರಡನೆಯ ಲೆಕ್ಕ ತಪ್ಪಾಯಿತು.
ಮೂರನೆಯದನ್ನು ಕಳೆಯುವ ಬದಲು ಕೂಡಿಬಿಟ್ಟಳು.
ಬಾಯಿಗೆ ಬಂದದ್ದನ್ನು ನುಂಗಿ
ಡಬ್ಬಿ ಮತ್ತೆ ತೆರೆದೆ.

ಮನೆಗೆ ಬಂದು ಮಲಗುವ ಮುಂಚೆ:
"ಅಪ್ಪಾಜಿ, ಲೆಕ್ಕದಲ್ಲಿ ತಂದ ಕಡ ತೀರ್ಸೋದು ಯಾವಾಗ?"
ಸಂಘದ ಸಾಲದ ಪುಸ್ತಕ ಹಿಡಿದಿದ್ದ ಹಾಲಮ್ಮ
ತಲೆಯೆತ್ತಿದಳು.
ಅದು ಕಡ ಅಲ್ಲ ಕಣವ್ವ, ಚಿಲ್ಲರೆ.
ನೂರು ನಮ್ಮದೇ. ಮುರಿಸಿದ್ವಿ ಅಷ್ಟೆ.
ಯಾರಿಗೂ ಏನೂ ಬಾಕಿ ಇಲ್ಲ.
"ಮತ್ತೆ ಎಲ್ರೂ ಕಡ ಅಂತಾರಲ್ಲ?"
ಅದನ್ನ ಮೇಡಂನೇ ಕೇಳು.
ಏನಂದ್ರು ಅಂತ ನಂಗೂ ಹೇಳು.

ನಾಳೆಯಿಂದ ಭಾಗಾಕಾರವಂತೆ.
ಇಮಾಮಣ್ಣನಿಗೆ ಮೊದಲೇ ಹೇಳಿಡಬೇಕು.